ಚೀಲದೊಳಗಿನ ಮಂಜುಗಡ್ಡೆ

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ಪೇಗನ್. ಋತು ಬದಲಾದಾಗಲೆಲ್ಲ ಮೇಣದ ಬತ್ತಿ ಹಚ್ಚಿ, ಬಟ್ಟೆ ಚೀಲದಿಂದ ರೂನ್ ಕಲ್ಲು ತೆಗೀತಾರೆ. ರೂನ್ ಅಂದ್ರೆ ಜರ್ಮಾನಿಕ್ ಬುಡಕಟ್ಟುಗಳ ಹಳೇ ಲಿಪಿಯ ಅಕ್ಷರ, ಒಟ್ಟು 24. ಆ ಜನ ಹಣ್ಣಿನ ಮರದ ಕೊಂಬೆ ತುಂಡು ಮಾಡಿ, ಗುರುತು ಹಾಕಿ, ಬಿಳಿ ಬಟ್ಟೆ ಮೇಲೆ ಚೆಲ್ಲಿ, ಮೂರನ್ನು ಎತ್ತಿ ಶಕುನ ನೋಡ್ತಿದ್ರು ಅಂತ ರೋಮಿನ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೇ ಬರೆದಿದ್ದಾನೆ. ಮರ, ಹಕ್ಕಿಗಳ ಚಿತ್ರವಿರೋ ಒರಾಕಲ್ ಕಾರ್ಡುಗಳು ಮಾತ್ರ ಈಚಿನವು.

ಕಳೆದ ಡಿಸೆಂಬರ್ 21, ವರ್ಷದ ಅತಿ ಉದ್ದದ ರಾತ್ರಿ. ಊರಲ್ಲಿ ಅಮ್ಮನಿಗೆ ಆಪರೇಷನ್ ಇತ್ತು. "ನೀನೇನೂ ಬರೋದು ಬೇಡ" ಅಂದಿದ್ಲು. ಹೋಗ್ಲಾ, ಬೇಡ್ವಾ? ಚೀಲಕ್ಕೆ ಕೈ ಹಾಕಿದೆ. ಬಂದಿದ್ದು 'ಈಸಾ', ನೆಟ್ಟಗಿನ ಒಂದೇ ಗೀಟು. ಅರ್ಥ ಮಂಜುಗಡ್ಡೆ. ಕಾರ್ಡಿನಲ್ಲಿ ಎಲೆ ಉದುರಿದ ಮರ. "ಇದು ನಿಲ್ಲೋ ಕಾಲ, ಅವಸರ ಬೇಡ" ಅಂದ್ರು ಅಜ್ಜಿ.

ನಂಗೆ ಹಾಯೆನಿಸ್ತು. ಮರುಕ್ಷಣವೇ ನಾಚಿಕೆ... ರಜೆ ಕೇಳೋದು, ಟಿಕೆಟ್ ಖರ್ಚು ಎಲ್ಲ ತಪ್ಪಿತು ಅಂತ ಖುಷಿಪಟ್ಟಿದ್ದು ಕಲ್ಲಲ್ಲ, ನಾನು!

ಅಮ್ಮ ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳ್ತಿದ್ದಿದ್ದು ನೆನಪಾಯ್ತು. ಎಡಗಡೆ ಬಿದ್ರೆ ಸುಮ್ಮನೆ ಮತ್ತೊಮ್ಮೆ ಕೇಳೋಳು, ಬಲಗಡೆ ಬೀಳೋವರೆಗೂ. ನಾನು ನಗ್ತಿದ್ದೆ. ಉತ್ತರ ಅವಳಿಗೆ ಮೊದಲೇ ಗೊತ್ತಿರ್ತಿತ್ತು ಅಂತ ಈಗ ಅನ್ಸುತ್ತೆ.

ಆ ರಾತ್ರೀನೇ ಟಿಕೆಟ್ ಬುಕ್ ಮಾಡಿದೆ. ಅಜ್ಜಿಗೆ ಹೇಳಿದ್ರೆ ನಕ್ಕುಬಿಟ್ರು, "ಹಾಗಾದ್ರೆ ಕಲ್ಲು ಕೆಲಸ ಮಾಡ್ತು ಬಿಡು" ಅಂತ.

ಅಮ್ಮ ಈಗ ಆರಾಮಾಗಿದ್ದಾಳೆ. ನಿಮಗೂ ಯಾವತ್ತಾದ್ರೂ ಹೀಗಾಗಿದ್ಯಾ?