ತಲೆ ಮೇಲಿನ ಮಂಗಳೂರು

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅಳೆಯಲು ರಸ್ತೆ ಬೇಡ, ಒಂದು ಗೋಳ, ಒಂದು ದಾರ ಸಾಕು. ದೇವನಹಳ್ಳಿಯಲ್ಲೊಂದು ತುದಿ, ಮಂಗಳೂರಿನ ಬಜಪೆಯಲ್ಲೊಂದು ತುದಿ ಹಿಡಿದು ಬಿಗಿಯಾಗಿ ಎಳೆದರೆ ಸುಮಾರು 305 ಕಿಲೋಮೀಟರು. ಆ ದಾರ ಹೆಬ್ಬೂರು, ತುರುವೇಕೆರೆಗಳ ಆಸುಪಾಸಿನಲ್ಲೇ ಹಾಯುತ್ತದೆ. ಹಾಗಾಗಿ ಸಂಜೆ ಮಾರ್ಕೋನಹಳ್ಳಿ ಡ್ಯಾಮಿನ ಏರಿ ಮೇಲೆ ಕಾಲು ಚಾಚಿ ಕೂತವರಿಗೆ, ಕಾಸು ಖರ್ಚಿಲ್ಲದೆ, ಬಡಗಲ ಆಕಾಶದಲ್ಲಿ ಮಂಗಳೂರಿಗೆ ಹೋಗುವವರ ದರ್ಶನ.

ನಾನು ಮೇಷ್ಟ್ರಾಗಿದ್ದವನು, ಲೆಕ್ಕ ಹಾಕದೆ ಕೂರಲಾರೆ. ಜೆಟ್ ವಿಮಾನ ಪೂರ್ತಿ ವೇಗಕ್ಕೆ ಬಂದರೆ ಗಂಟೆಗೆ 830 ಕಿಲೋಮೀಟರಿನಷ್ಟು ಓಡುತ್ತದೆ. ಭಾಗಿಸಿದರೆ ಮಂಗಳೂರಿಗೆ ಇಪ್ಪತ್ತೆರಡೇ ನಿಮಿಷ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಮೇಲೆ ಬರೆದಿರುತ್ತಾರೆ. ಮಿಕ್ಕದ್ದನ್ನು ಯಾರು ತಿಂದರು? ಟಿಕೆಟ್ಟಿನ ಹೊತ್ತು ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ನೆಲ ಬಿಟ್ಟಾಗಲ್ಲ. ರನ್‌ವೇ ತನಕ ತೆವಳಬೇಕು, ಸರದಿಯಲ್ಲಿ ನಿಲ್ಲಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮಕ್ಕಿವೆ. ವಿಮಾನ ಗಾಳಿಗೆ ಎದುರಾಗಿ ಏಳಬೇಕು. ಮುಂಗಾರಿನ ಪಡುವಣ ಗಾಳಿಯಿದ್ದರೆ ಮೂಗು ನೇರ ಮಂಗಳೂರಿಗೆ. ಮೂಡಣ ಗಾಳಿ ಬೀಸಿತೋ, ಮೊದಲು ಕೋಲಾರದ ಕಡೆ ಹಾರಿ ಆಮೇಲೆ ತಿರುಗಬೇಕು. ಇಷ್ಟು ಸಣ್ಣ ದಾರಿಯಲ್ಲಿ ಏರುವುದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಯುವುದು ಶುರು. ಪೂರ್ತಿ ವೇಗ ಕೆಲವೇ ನಿಮಿಷಗಳ ಭೋಗ. ಕೊನೆಗೆ ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ಇಳಿಯುವ ಆ ಬಜಪೆ. 1951ರ ಕ್ರಿಸ್‌ಮಸ್ ದಿನ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದು ಅಲ್ಲಿಗೇ.

ಇದೆಲ್ಲ ತುದಿಯಲ್ಲಿರುವವರ ಲೆಕ್ಕ. ದಾರದ ನಡುವಿನ ನಮ್ಮ ಕಥೆ ಬೇರೆ. ಪಡುವಣಕ್ಕೆ ಹೋಗಬೇಕಾದ ನಾವು ಮೊದಲು ಮೂಡಣಕ್ಕೆ ಹೊರಟು, ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರ ದಾಟಿ ನೂರು ಕಿಲೋಮೀಟರಿಗೂ ಮೇಲೆ ಸವೆಸಿ, ಬೆಲ್ಟು ಬಿಚ್ಚಿ ತಪಾಸಣೆ ಮಾಡಿಸಿಕೊಂಡು, ಕಾದು, ಹಾರಿ, ಮತ್ತೆ ನಮ್ಮ ಸೀಮೆಯ ಮೇಲೆಯೇ ಹಾಯಬೇಕು. ಮೂಗಿಗಿಂತ ಮೂಗುತಿ ಭಾರ. ಅಷ್ಟರಲ್ಲಿ ಎಡೆಯೂರಿನಲ್ಲಿ ಬಸ್ಸು ಹತ್ತಿದವನು ಹಾಸನ, ಸಕಲೇಶಪುರ ಕಳೆದು ಶಿರಾಡಿ ಘಾಟಿ ಇಳಿಯುತ್ತಿರುತ್ತಾನೆ. 2017ರಿಂದ ಕುಣಿಗಲ್ ಮೇಲೆ ಹಾಸನಕ್ಕೆ ರೈಲೂ ಇದೆ. ಈ ಡ್ಯಾಮಿನ ಸೈಫನ್‌ಗಳನ್ನಾದರೂ ನೋಡಿ: ತುಂಬಿ ಮಟ್ಟ ಮೀರಿತೆಂದರೆ ಶಿಂಷೆಯ ನೀರು ಯಾರ ಅಪ್ಪಣೆಗೂ ಕಾಯದೆ ತಾನೇ ಹೊರಡುತ್ತದೆ, ಬೋರ್ಡಿಂಗ್ ಪಾಸ್ ಕೇಳುವವರಿಲ್ಲ.

ಇಷ್ಟೆಲ್ಲ ವಿವರಿಸಿದ ಮೇಲೂ ಪಕ್ಕದಲ್ಲಿ ಕೂತ ಗೌಡರಿಗೆ ವಿಮಾನವೇ ಬೇಕು. ಮಗಳ ಮನೆ ಮಂಗಳೂರಿನಲ್ಲಿದೆ, ಅದು ನೆಪ.

“ಮೇಷ್ಟ್ರೇ, ಮ್ಯಾಲಿಂದ ನಮ್ ಡ್ಯಾಮು ಕಾಣ್ತದಾ?”

“ಮೋಡ ಇಲ್ದಿದ್ರೆ, ದಾರಿ ಬದಲಾಯಿಸದಿದ್ರೆ, ಕಾಣ್ಬೇಕು ಗೌಡ್ರೇ. ನೆಲ ಬಿಟ್ಟು ಹತ್ತು ಹನ್ನೆರಡು ನಿಮಿಷಕ್ಕೆ. ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ.”

“ರೆಕ್ಕೆ ಅಡ್ಡ ಬಂದ್ರೆ?”

“ಹಿಂದಿನ ಸೀಟು ಕೇಳಿ.”

ಗೌಡರ ಮುಖ ಸಣ್ಣಗಾಯಿತು. “ಬಸ್ಸಲ್ಲೂ ನಮ್ಗೆ ಹಿಂದಿನ ಸೀಟೇ ಸಿಗೋದು. ಅಷ್ಟು ದುಡ್ಡು ಕೊಟ್ಟು ಅಲ್ಲೂ ಹಿಂದೇನೇನಾ?”