ಹೊಡೆದ ಕೈ ಯಾರದು?

2019ರ ಮಾರ್ಚ್ ತಿಂಗಳಲ್ಲಿ ಗುಜರಾತಿನ ರಾಜಕೋಟದ ಪೊಲೀಸರು ನಿಷೇಧಾಜ್ಞೆ ಮೀರಿ ಪಬ್‌ಜಿ ಆಡಿದ ಯುವಕರನ್ನು ಬಂಧಿಸಿದರು. ಮೊಬೈಲಿನ ಈ ಆಟ ಮಕ್ಕಳನ್ನು ಹಿಂಸಾಪ್ರಿಯರನ್ನಾಗಿಸುವುದೆಂಬ ಭೀತಿ ಸುದ್ದಿವಾಹಿನಿಗಳಲ್ಲಿ ಹಬ್ಬಿತ್ತು. ಅದನ್ನು ನಂಬಿದ ನಾನು ಮೊಮ್ಮಗನ ಮೊಬೈಲನ್ನು ಕಸಿದು, ಅವನ ಕೆನ್ನೆಗೆ ಹೊಡೆದೆ.

“ತಾತಾ, ನಾನು ಯಾರಿಗೂ ನಿಜವಾಗಿ ಹೊಡೆದಿಲ್ಲವಲ್ಲ” ಎಂದು ಅವನು ಅತ್ತನು.

ಆ ಮಾತು ಇಂದಿಗೂ ನನ್ನನ್ನು ಸುಡುತ್ತಿದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತು. ಆದರೆ ಕೊಟ್ಟ ಕಾರಣ ಹಿಂಸೆಯಲ್ಲ, ದೇಶದ ಭದ್ರತೆ ಮತ್ತು ಮಾಹಿತಿಯ ರಕ್ಷಣೆ.

ಮಕ್ಕಳ ಆಟಕ್ಕೆ ಹೊತ್ತುಗೊತ್ತು ಬೇಕು, ನಿಜ. ಆದರೆ ಅಂದು ನಮ್ಮ ಮನೆಯಲ್ಲಿ ನಡೆದ ಹಿಂಸೆ ಒಂದೇ. ಅದನ್ನು ಎಸಗಿದ ಕೈ ನನ್ನದು. ಸಂಜೆ ಅವನ ಪಕ್ಕದಲ್ಲಿ ಕುಳಿತು, ಮೊಬೈಲನ್ನು ಮರಳಿಸಿ, “ಹೇಗೆ ಆಡುವುದು, ತೋರಿಸು” ಎಂದೆ.