ಮಂಗಳೂರಿನಲ್ಲಿ ಮೂರು ದಿನ, ಕಾಲ್ನಡಿಗೆಯಲ್ಲಿ

ಒಂದು ಊರಿಗೆ ಎಷ್ಟು ಹೆಸರುಗಳಿರಬಹುದು? ಕನ್ನಡದಲ್ಲಿ ಮಂಗಳೂರು. ತುಳುವರಿಗೆ ಕುಡ್ಲ. ಕೊಂಕಣಿಗರಿಗೆ ಕೊಡಿಯಾಲ. ಬ್ಯಾರಿ ಮಾತನಾಡುವವರಿಗೆ ಮೈಕಾಲ. ಗಡಿಯಾಚೆಯ ಮಲಯಾಳಿಗಳಿಗೆ ಮಂಗಲಾಪುರಂ. ಕುಡ್ಲ ಎಂದರೆ ಕೂಡುವ ಜಾಗ ಎಂದು ಅಲ್ಲಿನವರು ಅರ್ಥ ಹೇಳುತ್ತಾರೆ. ನಕ್ಷೆ ಬಿಡಿಸಿ ನೋಡಿದರೆ ಆ ಮಾತು ಸರಿಯೆನಿಸುತ್ತದೆ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ (ಇದನ್ನೇ ಫಲ್ಗುಣಿ ಎನ್ನುವುದು) ಊರನ್ನು ತೋಳಿನಲ್ಲಿ ಬಳಸಿದಂತೆ ಬಂದು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ.

ನಾವು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯವರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಒಳ್ಳೆಯ ವರ್ಷ ಎನ್ನುವ ನಮಗೆ, 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಬೇರೆಯೇ ಲೋಕ. ಶಾಲಾ ಪ್ರವಾಸದ ಉಸ್ತುವಾರಿಯಾಗಿ ನಾನು ಆ ಊರನ್ನು ಹಲವು ಸಲ ದಾಟಿದ್ದೇನೆ. ಎರಡು ರಾತ್ರಿ, ಎರಡು ಹಗಲು, ಹನ್ನೊಂದು ಸ್ಥಳ. ಪ್ರತಿ ಸ್ಥಳದಲ್ಲೂ ಇಪ್ಪತ್ತು ನಿಮಿಷ, ಆಮೇಲೆ ಪೀಪಿ ಊದಿ ತಲೆ ಎಣಿಸುವುದು. ಆ ದಿನಗಳಲ್ಲೆಲ್ಲ ನನ್ನ ಶ್ರೀಮತಿ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕಳುಹಿಸುತ್ತಿದ್ದಳು. ಮಗಳ ಮದುವೆಯಾದ ಮೇಲೆ ಆಕೆ ಕೇಳಿದ್ದು ಒಂದೇ: "ನನಗೂ ಸಮುದ್ರ ತೋರಿಸಿ. ಆದರೆ ಪೀಪಿ ಊದಬೇಡಿ."

ಹಾಗಾಗಿ ಡಿಸೆಂಬರ್ ರಜೆಯಲ್ಲಿ ಒಂದೇ ಊರು, ಮೂರು ದಿನ, ಕಾಲ್ನಡಿಗೆ ಎಂದು ತೀರ್ಮಾನಿಸಿದೆವು. ಹಂಪನಕಟ್ಟೆಯಲ್ಲಿ ಒಂದು ಸಾಧಾರಣ ವಸತಿಗೃಹ ಹಿಡಿದೆವು. ನೋಡಬೇಕೆಂದಿದ್ದ ಜಾಗಗಳೆಲ್ಲ ಅಲ್ಲಿಂದ ಐದು ಕಿಲೋಮೀಟರಿನ ಸುತ್ತಳತೆಯಲ್ಲೇ ಇವೆ. ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ, ಸಂಜೆ ನಾಲ್ಕರಿಂದ ಏಳರವರೆಗೆ ನಡಿಗೆ, ನಡುವೆ ವಿಶ್ರಾಂತಿ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗ ಆವಿಯಾಗುವುದಿಲ್ಲ, ಆವಿಯಾಗದ ಬೆವರು ಮೈ ತಂಪು ಮಾಡುವುದಿಲ್ಲ. ಮಧ್ಯಾಹ್ನ ನಡೆಯುವ ಹಠ ಅಲ್ಲಿ ಬೇಡ.

ಗುಡ್ಡದ ಮೇಲಿನ ಮಂಗಳೂರು

ವಾಹನದಲ್ಲಿ ಹೋಗುವವರಿಗೆ ತಿಳಿಯದ ಒಂದು ಸಂಗತಿ ಮೊದಲ ದಿನವೇ ಮೊಣಕಾಲಿಗೆ ತಿಳಿಯಿತು. ಮಂಗಳೂರು ಸಪಾಟಾದ ಊರಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತುವ ರಸ್ತೆಯಲ್ಲಿ ನನ್ನಾಕೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ನಿಂತದ್ದರಿಂದಲೇ ರಸ್ತೆಗಾಗಿ ಗುಡ್ಡ ಕಡಿದ ಗೋಡೆ ಕಣ್ಣಿಗೆ ಬಿತ್ತು. ಜೇನುಗೂಡಿನಂತೆ ತೂತು ತೂತಾದ ಕೆಂಪು ಕಲ್ಲು. ಇಲ್ಲಿಯವರು ಇದನ್ನು ಮುರಕಲ್ಲು ಎನ್ನುತ್ತಾರೆ.

ಲಕ್ಷಾಂತರ ವರ್ಷ ಬಿಸಿಲು ಮಳೆಗಳಿಗೆ ಸಿಕ್ಕ ಶಿಲೆಯಿಂದ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ಆದ ಕಲ್ಲು ಇದು. ನೆಲದೊಳಗಿದ್ದಾಗ ಮೆತ್ತಗಿರುತ್ತದೆ, ಇಟ್ಟಿಗೆಯ ಆಕಾರಕ್ಕೆ ಕಡಿಯಬಹುದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. 1800-01ರಲ್ಲಿ ಈ ಸೀಮೆಯಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದ ಮೂಲಕ ಆ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಸೇರಿತು.

ಗುಡ್ಡದ ನೆತ್ತಿಯಲ್ಲಿ ಹಳೆಯ ದೀಪಸ್ತಂಭವಿದೆ, ಪಕ್ಕದಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು. ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಗಳಲ್ಲಿ ಆಂಟೋನಿಯೊ ಮೊಸ್ಕೆನಿ ಎಂಬ ಇಟಲಿಯ ಕಲಾವಿದರು ಬರೆದ ಚಿತ್ರಗಳಿವೆ. 1899ರ ಸುಮಾರಿಗೆ ಆರಂಭಿಸಿ ಎರಡು ವರ್ಷಗಳ ಕಾಲ ಬರೆದದ್ದು. ಅವು ಫ್ರೆಸ್ಕೊ ಚಿತ್ರಗಳು, ಅಂದರೆ ಗೋಡೆಯ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆಯಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುವಾಗ ಬಣ್ಣದ ಕಣಗಳು ಅದರೊಳಗೇ ಸೆರೆಯಾಗುತ್ತವೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಹಾಲಿನಂತಾಗುತ್ತದೆಯಲ್ಲ, ಶಾಲೆಯಲ್ಲಿ ಎಲ್ಲರೂ ಮಾಡುವ ಆ ಪ್ರಯೋಗದ ರಸಾಯನವೇ ಇದು. ಅಂದಂದು ಎಷ್ಟು ಬರೆಯಬಹುದೋ ಅಷ್ಟು ಭಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ಒಣಗಿದ ಮೇಲೆ ತಿದ್ದುವುದು ಬಹಳ ಕಷ್ಟ. ನನ್ನಾಕೆ ಚಾವಣಿಯತ್ತ ಕತ್ತೆತ್ತಿ, "ಇಷ್ಟೆತ್ತರಕ್ಕೆ ಅಟ್ಟಣೆ ಕಟ್ಟಿ ಎರಡು ವರ್ಷ ನಿಂತರಲ್ಲ, ಅವರ ಕತ್ತಿನ ಗತಿ ಏನಾಗಿರಬೇಕು?" ಎಂದಳು. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮತ್ತೆ ಇಟಲಿಗೆ ಹೋಗಿ ನೆಲೆಸಲಿಲ್ಲ.

ಅಲ್ಲಿಂದ ಮುಂದೆ ನಡೆದರೆ ಬಲ್ಮಠ. ಕನ್ನಡ ಪತ್ರಿಕೆ ಓದುವ ಪ್ರತಿಯೊಬ್ಬರೂ ಒಮ್ಮೆ ನಿಲ್ಲಬೇಕಾದ ಜಾಗ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 'ಮಂಗಳೂರು ಸಮಾಚಾರ' ಹೊರಬಂದಿತು. ಅದೇ ಮೊದಲ ಕನ್ನಡ ಪತ್ರಿಕೆ. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಅದಕ್ಕಾಗಿಯೇ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದೇ ಕಲ್ಲಚ್ಚಿನ ಗುಟ್ಟು. ಜಿಡ್ಡಿನ ಶಾಯಿಯಲ್ಲಿ ಬರೆದ ಕಲ್ಲಿಗೆ ನೀರು ಸವರಿದರೆ ಬರಹವಿಲ್ಲದ ಕಡೆ ಮಾತ್ರ ನೀರು ನಿಲ್ಲುತ್ತದೆ. ಮತ್ತೆ ಶಾಯಿ ಉರುಳಿಸಿದರೆ ಬರಹಕ್ಕೆ ಮಾತ್ರ ಅಂಟುತ್ತದೆ. ಫರ್ಡಿನೆಂಡ್ ಕಿಟೆಲ್ ಅವರ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಮಂಗಳೂರಿನಿಂದಲೇ.

ಸಂಜೆ ಕದ್ರಿಗೆ ನಡೆದೆವು. ಮಂಜುನಾಥ ದೇವಾಲಯದ ಕಂಚಿನ ಲೋಕೇಶ್ವರ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವಿದೆ. ಗುಡ್ಡದ ಬದಿಯಲ್ಲಿ ಗೋಮುಖದಿಂದ ನೀರು ಸುರಿಯುತ್ತದೆ, ಕೆಳಗೆ ಕೆರೆಗಳಿವೆ. ಭಕ್ತರು ಇದನ್ನು ಕಾಶಿಯ ಭಾಗೀರಥಿ ಎಂದು ನಂಬುತ್ತಾರೆ. ಬೆಳಿಗ್ಗೆ ನೋಡಿದ ತೂತಿನ ಕಲ್ಲನ್ನು ನೆನಪಿಸಿಕೊಂಡರೆ ನೀರಿನ ದಾರಿಯೂ ತಿಳಿಯುತ್ತದೆ. ಮುರಕಲ್ಲಿನ ಗುಡ್ಡ ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಕುಡಿಯುತ್ತದೆ. ಕೆಳಗಿನ ಜೇಡಿ ಪದರ ನೀರನ್ನು ಇಳಿಯಗೊಡುವುದಿಲ್ಲ. ಎರಡೂ ಸೇರುವ ಕಡೆ ಅದು ಒಸರಾಗಿ ಹೊರಬರುತ್ತದೆ. ಕೈ ಮುಗಿದು ತೀರ್ಥ ತೆಗೆದುಕೊಂಡ ನನ್ನಾಕೆ, "ಹಾಗಾದರೆ ಗುಡ್ಡದ ಮೇಲೆಲ್ಲ ಕಾಂಕ್ರೀಟು ಹಾಕಿಬಿಟ್ಟರೆ?" ಎಂದು ಕೇಳಿದಳು. ಸುತ್ತಲೂ ಏಳುತ್ತಿದ್ದ ಬಹುಮಹಡಿ ಕಟ್ಟಡಗಳನ್ನು ನೋಡುತ್ತ ನಾನು ಸುಮ್ಮನಾದೆ.

ಹೊಳೆಯ ದಡದ ಮಂಗಳೂರು

ಎರಡನೆಯ ದಿನ ಇಳಿಜಾರು. ರಥಬೀದಿಯಲ್ಲಿ ಮಲ್ಲಿಗೆ, ಕೊಂಕಣಿ ಮಾತು. ಮುಂದೆ ಬಂದರಿನ ಓಣಿಗಳಲ್ಲಿ ಒಣಮೆಣಸು, ಅಡಿಕೆ, ಕೊಬ್ಬರಿಯ ವಾಸನೆ. ಆಚೆ ಮೀನುಗಾರಿಕಾ ದಕ್ಕೆ. ನಾವು ಮೀನು ತಿನ್ನುವವರಲ್ಲ, ಆದರೂ ಬೆಳಗಿನ ಹರಾಜು ನೋಡುವಂಥದು. ಬೂತಾಯಿ, ಬಂಗುಡೆ, ಅಂಜಲ್ ಬುಟ್ಟಿಬುಟ್ಟಿಯಾಗಿ ಇಳಿಯುತ್ತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕಿಳಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದು. ದೊಡ್ಡ ಹಡಗುಗಳು ಇಲ್ಲಿಗೆ ಬರುವುದಿಲ್ಲ. ಅವುಗಳಿಗಾಗಿ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಮಾಡಿದ ನವಮಂಗಳೂರು ಬಂದರು ಇದೆ. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು.

ಸಂಜೆ ಜೆಪ್ಪುವಿನ ಕಡೆ ಹೊರಟೆವು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹೆಂಚು ಎಂಬ ಹೆಸರು ದೇಶವಿದೇಶಗಳಿಗೆ ಹರಡಿದ್ದು ಅಲ್ಲಿಂದ. ಈ ಊರಿನಲ್ಲೇ ಏಕೆ? ಎರಡು ದಿನ ನಡೆದ ಮೇಲೆ ಉತ್ತರ ತಾನಾಗಿ ಸಿಕ್ಕಿತು. ನೇತ್ರಾವತಿ, ಗುರುಪುರ ಹೊಳೆಗಳು ದಡದಲ್ಲಿ ಒಳ್ಳೆಯ ಜೇಡಿಮಣ್ಣು ಬಿಡುತ್ತವೆ. ಆ ಮಣ್ಣೂ ಘಟ್ಟದ ಕಡೆಯ ಸೌದೆಯೂ ಅದೇ ಹೊಳೆಗಳ ಮೇಲೆ ಬರುತ್ತಿದ್ದವು. ಸುಟ್ಟ ಹೆಂಚು ಸಾಗಿಸಲು ಬಂದರಿತ್ತು. 1907ರಲ್ಲಿ ರೈಲೂ ಬಂದಿತು. ಕೊಳ್ಳುವವರಿಗೆ ಬರವಿರಲಿಲ್ಲ, ಅಷ್ಟು ಮಳೆ!

ಹೆಂಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ; ಕೆಳಗಿನ ಗುಬುಟು ರೀಪಿಗೆ ಕಚ್ಚಿಕೊಳ್ಳುತ್ತದೆ; ಮೊಳೆ, ಗಾರೆ ಯಾವುದೂ ಬೇಡ. ಸುಮಾರು 900 ಡಿಗ್ರಿ ಉಷ್ಣತೆಯಲ್ಲಿ ಸುಟ್ಟಾಗ ಜೇಡಿಯ ಕಣಗಳೊಳಗೆ ರಾಸಾಯನಿಕವಾಗಿ ಬೆರೆತಿದ್ದ ನೀರೂ ಹೊರಟುಹೋಗುತ್ತದೆ, ಮತ್ತೆ ಎಷ್ಟು ನೆನೆಸಿದರೂ ಅದು ಮಣ್ಣಾಗುವುದಿಲ್ಲ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು, ಗುಡ್ಡದ ಮುರಕಲ್ಲಿಗೆ ಬಣ್ಣ ಕೊಟ್ಟದ್ದೂ ಅದೇ.

ಆದರೆ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಎತ್ತರದ ಹೊಗೆಗೂಡುಗಳಿದ್ದ ಜಾಗದಲ್ಲಿ ಮನೆ ಸಮುಚ್ಚಯಗಳು ಎದ್ದಿವೆ. ಜೇಡಿಮಣ್ಣು ಸಿಗುವುದು ಕಷ್ಟವಾಗಿದೆ, ಕೆಲಸಗಾರರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಹೊಸ ಮನೆಗಳಿಗೆ ತಾರಸಿಯೇ ಬೇಕು. ಯಾರನ್ನೂ ದೂರುವಂತಿಲ್ಲ. ನಮ್ಮ ಊರಿನ ಹಳೆಯ ಶಾಲಾ ಕಟ್ಟಡದ ಮೇಲಿರುವುದೂ ಮಂಗಳೂರು ಹೆಂಚೇ. ಅದನ್ನು ಇಳಿಸಿ ತಗಡು ಹೊದಿಸುವ ಮಾತು ನಡೆದಿದೆ. ತಗಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಪಾಠ ಮಾಡಿದವರಿಗೆ ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುವುದರ ಬೆಲೆ ಗೊತ್ತು.

ಉಪ್ಪುನೀರಿನ ನಡುವೆ ಸಿಹಿನೀರು

ಮೂರನೆಯ ದಿನ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರುಗಳ ಯುದ್ಧನೌಕೆಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಟಿಪ್ಪು ಸುಲ್ತಾನ ಕಪ್ಪುಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದ ಆದದ್ದು 1784ರ ಮಾರ್ಚ್ 11ರಂದು. ಬುರುಜು ಚಿಕ್ಕದು, ಅದರ ಕಿಂಡಿಗಳಲ್ಲಿ ಇಣುಕಿದರೆ ಜಾಗದ ಆಯ್ಕೆ ಎಷ್ಟು ಜಾಣತನದ್ದು ಎಂದು ತಿಳಿಯುತ್ತದೆ.

ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ಆಚೆ ದಡಕ್ಕೆ ಹೋದೆವು. ಆಚೆ ಇರುವುದು ಹೊಳೆಗೂ ಸಮುದ್ರಕ್ಕೂ ನಡುವೆ ಚಾಚಿದ ಮರಳಿನ ಪಟ್ಟಿ. ಒಂದು ಕಡೆ ಹೊಳೆಯ ಸವುಳು ನೀರು, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಊರಿನ ಹೆಸರು ಮಾತ್ರ ತಣ್ಣೀರುಬಾವಿ! ತೆಂಗಿನ ತೋಟದ ಮನೆಯೊಂದರ ಅಂಗಳದಲ್ಲಿ ಬಾವಿ ಕಂಡು ನನ್ನಾಕೆ ನಿಂತಳು. "ಸಮುದ್ರ ಅಲ್ಲೇ ಮೊರೀತಿದೆಯಲ್ರೀ, ಈ ನೀರು ಉಪ್ಪಾಗೋಲ್ವೇ?" ಮನೆಯ ಹೆಂಗಸು ಮಾತು ಕೇಳಿಸಿಕೊಂಡು ಚೆಂಬಿನಲ್ಲಿ ನೀರು ತಂದರು. "ಕುಡಿದು ನೋಡಿ ಅಕ್ಕ, ಉಪ್ಪುಂಟಾ ಹೇಳಿ." ಇರಲಿಲ್ಲ.

ಸಿಹಿನೀರು ಉಪ್ಪುನೀರಿಗಿಂತ ಹಗುರ. ಮರಳಿನಲ್ಲಿ ಇಂಗಿದ ಮಳೆನೀರು, ಕೆಳಗೆ ನುಸುಳಿರುವ ಸಮುದ್ರದ ನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ಒಂದು ಘನ ಮೀಟರ್ ಸಿಹಿನೀರು 1,000 ಕಿಲೋಗ್ರಾಂ ತೂಗಿದರೆ, ಸಮುದ್ರದ ನೀರು ಸುಮಾರು 1,025. ವ್ಯತ್ಯಾಸ ಬರೀ 25. ಸಾವಿರವನ್ನು 25ರಿಂದ ಭಾಗಿಸಿದರೆ 40. ಅಂದರೆ ಅಂತರ್ಜಲ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದರ ಕೆಳಗೆ ಹೆಚ್ಚುಕಡಿಮೆ ನಲವತ್ತು ಅಡಿ ಸಿಹಿನೀರು ಇರಬಲ್ಲದು. ಹಾಲೆಂಡಿನ ಘೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ತತ್ತ್ವ ಇದು. ಇದರ ಇನ್ನೊಂದು ಮುಖ ಭಯ ಹುಟ್ಟಿಸುವಂಥದು. ಪಂಪಿನಿಂದ ಎಳೆದು ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. "ಕೊಡಪಾನದಲ್ಲಿ ಸೇದಿದಷ್ಟು ದಿನ ಎಂತ ತೊಂದರೆ ಇರಲಿಲ್ಲ. ಈಗ ಮೇ ತಿಂಗಳಲ್ಲಿ ಸ್ವಲ್ಪ ಚಪ್ಪೆ ಆಗ್ತದೆ" ಎಂದು ಆಕೆಯೇ ಹೇಳಿದರು. ಸೂತ್ರ ಓದದೆಯೇ ಅವರಿಗದು ಗೊತ್ತಿತ್ತು.

ಅಲ್ಲಿಂದ ಕಡಲಿಗೆ ಕೆಲವೇ ನಿಮಿಷದ ದಾರಿ. ನನ್ನಾಕೆ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ಬಹಳ ಹೊತ್ತು ನಿಂತಳು. ಇಪ್ಪತ್ತು ನಿಮಿಷಕ್ಕೆ ಹೊರಡಿಸುವವರು ಯಾರೂ ಇರಲಿಲ್ಲ.

ಹೆತ್ತವರಲ್ಲಿ ಎರಡು ಮಾತು

ಶಾಲಾ ಪ್ರವಾಸ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಒಂದೇ ಊರಿನಲ್ಲಿ ಎರಡು ದಿನ ನಡೆಸಿ. ಮಳೆ, ಮುರಕಲ್ಲು, ಒಸರು, ಜೇಡಿಮಣ್ಣು, ಹೊಳೆ, ಬಂದರು, ಹೆಂಚು ಇವೆಲ್ಲ ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಪಾಠಗಳು. ಮಂಗಳೂರಿನ ಬೀದಿಯಲ್ಲಿ ಒಂದರ ಕಾರಣ ಇನ್ನೊಂದರಲ್ಲಿದೆ, ನಡೆಯುವವರಿಗೆ ಅದು ಸಾಲಾಗಿ ಸಿಗುತ್ತದೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರೈಲಿನಲ್ಲಿ ಬರುವವರು ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಕೆಲವು ರಸ್ತೆಗಳಲ್ಲಿ ಕಾಲುದಾರಿ ಇಲ್ಲ, ಸಿಟಿ ಬಸ್ಸುಗಳ ವೇಗ ಹೆಚ್ಚು. ಮಕ್ಕಳ ಕೈ ಬಿಡಬೇಡಿ. ಕಡಲಿನಲ್ಲಿ ಮೊಣಕಾಲಿಗಿಂತ ಮುಂದೆ ಇಳಿಯಬೇಡಿ. ಈಜು ಬಲ್ಲವರನ್ನೂ ಒಳಗೆ ಸೆಳೆಯುವ ಪ್ರವಾಹಗಳು ಇಲ್ಲಿವೆ. ಬೆಳಗಿನ ತಿಂಡಿಗೆ ನೀರುದೋಸೆ, ಸಂಜೆಗೆ ಗೋಳಿಬಜೆ ಇದ್ದೇ ಇದೆ.

ಮಂಗಳೂರು ದೂರವಾದರೆ ನಿಮ್ಮೂರಿನಲ್ಲೇ ಆರಂಭಿಸಬಹುದು. ಹಳೆಯ ಶಾಲೆಯದೋ ಅಜ್ಜನ ಮನೆಯದೋ ಹೆಂಚು ಇಳಿಸುವ ದಿನ ಒಂದನ್ನು ಮಗುವಿನ ಕೈಗೆ ಕೊಟ್ಟು ಮಗುಚಿ ನೋಡಲು ಹೇಳಿ. ಮಾಡಿದ ಕಾರ್ಖಾನೆಯ ಹೆಸರು ಅಚ್ಚಾಗಿರುವ ಸಂಭವವಿದೆ. ಅದು ಯಾವ ಹೊಳೆಯ ಮಣ್ಣು, ನಿಮ್ಮ ಊರಿಗೆ ಹೇಗೆ ಬಂತು ಎಂದು ಮಗು ಕೇಳಿದರೆ, ಅರ್ಧ ಪ್ರವಾಸ ಮುಗಿದಂತೆಯೇ.